ನಿಮ್ಮ ಪ್ಯಾನ್ ಮೇಲೆ ಇನ್ಯಾರದೋ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ಕೂತು ತೆರಿಗೆ ರಿಟರ್ನ್ ತುಂಬಿಸಿಕೊಡುವ ಕೆಲಸ ನನ್ನದು. ಶಾಲೆ ಮಾಸ್ತರರು, ಬೋಟಿನ ಮಾಲೀಕರು, ಘಟ್ಟದ ಮೇಲಿನ ಅಡಿಕೆ ತೋಟದವರು, ಎಲ್ಲ ಥರದವರೂ ಬರುತ್ತಾರೆ. ಮೊದಲೆಲ್ಲ "ರಿಫಂಡ್ ಯಾವಾಗ ಬರುತ್ತದೆ" ಅನ್ನುವುದೊಂದೇ ಪ್ರಶ್ನೆ ಇತ್ತು. ಈಗ ಇನ್ನೊಂದು ಸೇರಿದೆ: "ನನ್ನ ಹೆಸರಿಗೆ ನೋಟಿಸ್ ಬಂದಿದೆ, ನಾನು ಏನೂ ಮಾಡಿಲ್ಲ." ಅಂಥವರಿಗೆ ಹೇಳಿ ಹೇಳಿ ಬಾಯಿಪಾಠವಾದ ಉತ್ತರಗಳು ಇಲ್ಲಿವೆ.

ನನಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ. ನನ್ನ ಪ್ಯಾನ್ ಯಾರಿಗೆ ಬೇಕು?

ಅಂಥ ಪ್ಯಾನೇ ಬೇಕು. ಪ್ರತಿ ವರ್ಷ ರಿಟರ್ನ್ ಹಾಕುವವರು ತಮ್ಮ ಖಾತೆ ತೆರೆದು ನೋಡುತ್ತಾರೆ, ಏನಾದರೂ ಹೆಚ್ಚುಕಡಿಮೆ ಆದರೆ ಗೊತ್ತಾಗಿಬಿಡುತ್ತದೆ. ಬ್ಯಾಂಕ್ ಖಾತೆಗೆಂದು ಒಮ್ಮೆ ಪ್ಯಾನ್ ಮಾಡಿಸಿ ಡಬ್ಬಿಯಲ್ಲಿ ಇಟ್ಟವರು ನೋಡುವುದೇ ಇಲ್ಲ. ಅಡಿಕೆ ತೋಟದವರೂ ಇದೇ ಸಾಲಿನವರು. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಹಾಕಿದ ಅಭ್ಯಾಸವೇ ಇಲ್ಲ.

ಅಂಕೋಲಾ ಕಡೆಯ ಒಬ್ಬ ಅಮ್ಮ ಬಂದಿದ್ದರು. ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರುವವರು. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕಾಗಿ ಮಡಿಸಿದ ನೋಟಿಸ್. ಅವರ ಹೆಸರಲ್ಲಿ ದೆಹಲಿಯಲ್ಲಿ ಕಬ್ಬಿಣದ ಗುಜರಿ ವ್ಯಾಪಾರ ನಡೆದಿತ್ತು, ಕೋಟಿಗಟ್ಟಲೆ ವಹಿವಾಟು. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಜರಿ ಅಂದ್ರೆ ನಮ್ಮನೆ ಹಿತ್ತಲಲ್ಲಿ ಬಿದ್ದಿರುವ ಹಳೆ ಇಂಜಿನ್ ಒಂದೇ ತಮಾ" ಅಂದರು. ವಿಚಾರಿಸಿದರೆ, ಎರಡು ವರ್ಷದ ಹಿಂದೆ ಯಾರೋ ಇಬ್ಬರು ಹುಡುಗರು ಬಂದು "ಸರ್ಕಾರದ ದುಡ್ಡು ಬರುತ್ತದೆ" ಅಂತ ಆಧಾರ್, ಪ್ಯಾನ್ ಎರಡರ ಫೋಟೊ ತೆಗೆದುಕೊಂಡಿದ್ದರು. ಮೊಬೈಲಿಗೆ ಬಂದ ಓಟಿಪಿಯನ್ನೂ ಕೇಳಿ ಬರೆದುಕೊಂಡಿದ್ದರು.

ಇದರಿಂದ ಆ ಕಳ್ಳರಿಗೆ ಏನು ಸಿಗುತ್ತದೆ?

ಲೆಕ್ಕ ಹೀಗಿದೆ. ನಿಮ್ಮ ಪ್ಯಾನ್ ಮೇಲೆ ಒಂದು ಜಿಎಸ್‌ಟಿ ನೋಂದಣಿ ಮಾಡಿಸುತ್ತಾರೆ. ಅಂಗಡಿ ಇಲ್ಲ, ಮಾಲಿಲ್ಲ, ಬರೀ ಬಿಲ್ ಪುಸ್ತಕ. ಒಂದು ಕೋಟಿಯ ಮಾಲು ಮಾರಿದ ಹಾಗೆ ಬಿಲ್ ಹರಿದರೆ, ಶೇಕಡಾ 18ರ ಲೆಕ್ಕದಲ್ಲಿ 18 ಲಕ್ಷ ತೆರಿಗೆ ಕಾಗದದ ಮೇಲೆ ಹುಟ್ಟುತ್ತದೆ. ಬಿಲ್ ಕೊಂಡವನು ಆ 18 ಲಕ್ಷವನ್ನು "ನಾನು ಆಗಲೇ ಕಟ್ಟಿದ್ದೇನೆ" ಅಂತ ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ಬಿಲ್ ಬರೆದವನು ಕಮಿಷನ್ ಎಣಿಸಿಕೊಂಡು ಮಾಯ. ಸರ್ಕಾರಕ್ಕೆ ನಯಾಪೈಸೆ ಬಂದಿರುವುದಿಲ್ಲ. ಇಲಾಖೆ ಹುಡುಕಿಕೊಂಡು ಹೊರಟರೆ ಸಿಗುವ ಹೆಸರು ನಿಮ್ಮದು. ಅದೇ ವಹಿವಾಟು ಆದಾಯ ತೆರಿಗೆ ಇಲಾಖೆಗೂ ಹೋಗುತ್ತದೆ, ಆಮೇಲೆ ಅಲ್ಲಿಂದ ಇನ್ನೊಂದು ನೋಟಿಸ್.

ಇದು ಎಷ್ಟು ಹಬ್ಬಿತ್ತೆಂದರೆ, ನಕಲಿ ನೋಂದಣಿ ಹುಡುಕಲೆಂದೇ ದೇಶದಾದ್ಯಂತ 2023ರ ಮೇ 16ರಿಂದ ಜುಲೈ 15ರವರೆಗೆ ಒಮ್ಮೆ, 2024ರ ಆಗಸ್ಟ್ 16ರಿಂದ ಇನ್ನೊಮ್ಮೆ ವಿಶೇಷ ಕಾರ್ಯಾಚರಣೆ ಮಾಡಬೇಕಾಯಿತು.

ಜಿಎಸ್‌ಟಿ ಒಂದೇ ದಾರಿಯಲ್ಲ. ನಿಮ್ಮ ಪ್ಯಾನ್ ಮೇಲೆ ಸಾಲ ತೆಗೆಯುವವರಿದ್ದಾರೆ. ನಿಮ್ಮನ್ನು ಕೂಲಿಯವರೆಂದು ತೋರಿಸಿ ಸಂಬಳದ ಖರ್ಚು ಬರೆಯುವವರೂ ಇದ್ದಾರೆ.

ನನ್ನ ಪ್ಯಾನ್ ಅವರಿಗೆ ಸಿಕ್ಕಿದ್ದಾದರೂ ಹೇಗೆ?

ನೀವೇ ನೆನಪು ಮಾಡಿಕೊಳ್ಳಿ. ಸಿಮ್ ಕಾರ್ಡಿಗೆ, ಗಾಡಿ ಸಾಲಕ್ಕೆ, ಲಾಡ್ಜಿಗೆ, ಚಿನ್ನದಂಗಡಿಗೆ, ಸೊಸೈಟಿಗೆ ಎಷ್ಟು ಝೆರಾಕ್ಸ್ ಕೊಟ್ಟಿದ್ದೀರಿ? ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗಳಲ್ಲಿ ಮಸುಕಾಗಿ ಬಂದ ಪ್ರತಿಯನ್ನು ಏನು ಮಾಡುತ್ತಾರೆ ಅಂತ ಒಮ್ಮೆ ಗಮನಿಸಿ. ನಾನು ಕಂಡ ಒಂದು ಅಂಗಡಿಯಲ್ಲಿ ಅವೆಲ್ಲ ಮೇಜಿನ ಕೆಳಗಿನ ರಟ್ಟಿನ ಡಬ್ಬಿಯಲ್ಲಿ ಬಿದ್ದಿದ್ದವು, ಮೇಲೆಯೇ ಒಬ್ಬರ ಆಧಾರ್ ನಗುತ್ತಿತ್ತು. ಇನ್ನು ವಾಟ್ಸ್ಆಪ್‌ನಲ್ಲಿ ಏಜೆಂಟರಿಗೆ ಕಳಿಸಿದ ಫೋಟೊ ಎಷ್ಟು ಮೊಬೈಲ್‌ಗಳಲ್ಲಿ ಉಳಿದಿದೆಯೋ.

ನನ್ನ ಅಭಿಪ್ರಾಯ ಕೇಳಿದರೆ, ಪ್ಯಾನ್ ನಂಬರನ್ನು ಗುಟ್ಟಾಗಿ ಇಡುತ್ತೇನೆ ಅನ್ನುವ ಆಸೆ ಬಿಟ್ಟುಬಿಡಿ. ಹತ್ತು ಅಕ್ಷರ-ಅಂಕಿಗಳ ಆ ನಂಬರ್ ಈಗಾಗಲೇ ಊರೆಲ್ಲ ಸುತ್ತಿ ಬಂದಿದೆ. ಅದರ ಮೇಲೆ ಏನು ನಡೆಯುತ್ತಿದೆ ಅಂತ ಕಣ್ಣಿಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಕಣ್ಣಿಡುವುದು ಹೇಗೆ? ನನಗೆ ಕಂಪ್ಯೂಟರ್ ಬರುವುದಿಲ್ಲ.

ಮನೆಯಲ್ಲಿ ಮೊಬೈಲ್ ತಿಳಿದ ಮಗಳೋ ಮೊಮ್ಮಗನೋ ಇದ್ದರೆ ಸಾಕು. ಮೊದಲು ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ನಿಮ್ಮ ಹೆಸರಲ್ಲಿ ಲಾಗಿನ್ ಮಾಡಿಸಿ. ರಿಟರ್ನ್ ಹಾಕದವರೂ ಮಾಡಿಸಬಹುದು, ದುಡ್ಡು ಕೊಡಬೇಕಿಲ್ಲ. ಅದರೊಳಗೆ ಎಐಎಸ್ ಅಂತ ಒಂದಿದೆ, 2021ರ ನವೆಂಬರ್‌ನಲ್ಲಿ ಶುರುವಾಗಿದ್ದು. ನಿಮ್ಮ ಪ್ಯಾನ್ ಮೇಲೆ ಬ್ಯಾಂಕು, ಸಬ್ ರಿಜಿಸ್ಟ್ರಾರ್ ಕಚೇರಿ, ಕಂಪನಿಗಳು ಇಲಾಖೆಗೆ ಕಳಿಸಿದ ವಿವರ ಅದರಲ್ಲಿ ಸಾಲಾಗಿ ಕಾಣುತ್ತದೆ. ಉಳಿತಾಯ ಖಾತೆಗೆ ವರ್ಷಕ್ಕೆ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕಟ್ಟಿದ್ದು, ದೊಡ್ಡ ಮೊತ್ತದ ಆಸ್ತಿ ಕೊಟ್ಟುಕೊಂಡಿದ್ದು, ಬಡ್ಡಿ, ಟಿಡಿಎಸ್ (ಅಂದರೆ ದುಡ್ಡು ಕೊಡುವವರೇ ಮುರಿದುಕೊಂಡು ಕಟ್ಟಿದ ತೆರಿಗೆ), ಎಲ್ಲವೂ. 26ಎಎಸ್ ಅಂತ ಹಳಬರು ಹೇಳುವುದು ಇದರ ಅಣ್ಣ ಇದ್ದಂತೆ, ಅದರಲ್ಲಿ ಮುಖ್ಯವಾಗಿ ಟಿಡಿಎಸ್ ಇರುತ್ತದೆ.

ಹಿಂದಿನ ವರ್ಷದ ದೊಡ್ಡ ವಹಿವಾಟುಗಳ ಲೆಕ್ಕವನ್ನು ಬ್ಯಾಂಕುಗಳು ಮೇ 31ರೊಳಗೆ ಕೊಡಬೇಕು. ಹಾಗಾಗಿ ಜೂನ್‌ನಲ್ಲಿ ಒಮ್ಮೆ ನೋಡಿದರೆ ಬಹಳಷ್ಟು ಕಾಣುತ್ತದೆ. ಬೋಟಿನವರಿಗೆ ನಾನು ಹೇಳುವುದು ಇಷ್ಟೇ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಹೇಗೂ ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಬಲೆ ರಿಪೇರಿ ಮಾಡುವಾಗ ಇದನ್ನೂ ಒಂದು ದಿನ ನೋಡಿಬಿಡಿ.

ಎರಡನೆಯದು ಜಿಎಸ್‌ಟಿ ತಾಣ. ಅಲ್ಲಿ ಪ್ಯಾನ್ ಹಾಕಿ ಹುಡುಕುವ ಸೌಲಭ್ಯ ಇದೆ, ಲಾಗಿನ್ ಬೇಡ. ಆ ಪ್ಯಾನ್ ಮೇಲೆ ದೇಶದಲ್ಲಿ ಎಲ್ಲೆಲ್ಲಿ ನೋಂದಣಿ ಇದೆಯೋ ಪಟ್ಟಿ ಬರುತ್ತದೆ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು: 29 ಅಂದರೆ ಕರ್ನಾಟಕ, 30 ಗೋವಾ, 27 ಮಹಾರಾಷ್ಟ್ರ, 07 ದೆಹಲಿ. ಅದರ ಮುಂದಿನ ಹತ್ತು ನಿಮ್ಮ ಪ್ಯಾನೇ. ಶಿರಸಿಯಲ್ಲಿ ಕೂತವರ ಹೆಸರಲ್ಲಿ 07ರ ನಂಬರ್ ಕಂಡರೆ ಅಲ್ಲೇ ಗೊತ್ತಾಯಿತು.

ಮೂರನೆಯದು ಸಾಲದ ವರದಿ, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ಪಟ್ಟಿ. ಎಲ್ಲರೂ ಸಿಬಿಲ್ ಅನ್ನುತ್ತಾರೆ, ಆದರೆ ಅಂಥ ಸಂಸ್ಥೆ ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು.

ಎಐಎಸ್‌ನಲ್ಲಿ ಗೊತ್ತಿಲ್ಲದ ಒಂದು ಸಾಲು ಕಂಡಿತು. ಅಂದರೆ ಕಳ್ಳತನವೇ?

ಗಾಬರಿ ಬೇಡ. ನಾನು ನೋಡಿದ ಹತ್ತರಲ್ಲಿ ಏಳೆಂಟು ಬರೀ ತಪ್ಪುಗಳು. ಯಾರೋ ಗುಮಾಸ್ತರು ಪ್ಯಾನ್‌ನ ಒಂದು ಅಕ್ಷರ ತಪ್ಪು ಒತ್ತಿರುತ್ತಾರೆ. ಜಂಟಿ ಠೇವಣಿಯ ಬಡ್ಡಿ ಗಂಡನ ಬದಲು ಹೆಂಡತಿಯ ಪ್ಯಾನ್‌ಗೆ ಹೋಗಿರುತ್ತದೆ. ಒಬ್ಬ ನಿವೃತ್ತ ಮಾಸ್ತರರು "ನನ್ನ ಹೆಸರಲ್ಲಿ ಯಾರೋ ಎಫ್‌ಡಿ ಇಟ್ಟಿದ್ದಾರೆ" ಅಂತ ಬೆವರುತ್ತ ಬಂದಿದ್ದರು. ಹತ್ತು ವರ್ಷದ ಹಿಂದೆ ಅವರೇ ಇಟ್ಟು ಮರೆತದ್ದು ಅದು! ಆ ದಿನ ಚಹಾದ ದುಡ್ಡು ಅವರೇ ಕೊಟ್ಟರು.

ಸಾಲಿನ ಎದುರು ಅದನ್ನು ಕಳಿಸಿದ ಸಂಸ್ಥೆಯ ಹೆಸರು ಇರುತ್ತದೆ, ಮೊದಲು ಅವರನ್ನು ಕೇಳಿ. ನಿಮ್ಮದಲ್ಲ ಅಂತ ಖಾತ್ರಿಯಾದರೆ ಅಲ್ಲೇ ಫೀಡ್‌ಬ್ಯಾಕ್ ಅನ್ನುವ ಗುಂಡಿ ಇದೆ. "ಇದು ಬೇರೆ ಪ್ಯಾನ್‌ಗೆ ಅಥವಾ ಬೇರೆ ವರ್ಷಕ್ಕೆ ಸೇರಿದ್ದು" ಅಂತ ಒಂದು ಆಯ್ಕೆ, "ಇಂಥದ್ದು ನಡೆದೇ ಇಲ್ಲ" ಅಂತ ಇನ್ನೊಂದು. ಸರಿಯಾದದ್ದನ್ನು ಒತ್ತಿ, ಬಂದ ಸ್ವೀಕೃತಿಯನ್ನು ಪ್ರಿಂಟ್ ತೆಗೆದಿಡಿ. ಕಳಿಸಿದ ಸಂಸ್ಥೆ ಒಪ್ಪಿತೋ ಇಲ್ಲವೋ ಅನ್ನುವುದೂ 2024ರ ಮೇ ತಿಂಗಳಿಂದ ಅಲ್ಲೇ ಕಾಣುತ್ತದೆ.

ಒಂದು ಎಚ್ಚರಿಕೆ. ಗೊತ್ತಿಲ್ಲದ ಕಂಪನಿ ನಿಮ್ಮ ಹೆಸರಲ್ಲಿ ಟಿಡಿಎಸ್ ಕಟ್ಟಿದ್ದು ಕಂಡರೆ "ಬಂದದ್ದು ಬರಲಿ" ಅಂತ ಅದನ್ನು ರಿಫಂಡ್ ಕೇಳಬೇಡಿ. ಕೇಳಿದಿರೋ, ಆ ಆದಾಯ ನಿಮ್ಮದೇ ಅಂತ ನೀವೇ ಒಪ್ಪಿಕೊಂಡ ಹಾಗೆ. ಆಮೇಲೆ "ನನ್ನ ಪ್ಯಾನ್ ಕದ್ದರು" ಅಂದರೆ ಯಾರು ನಂಬುತ್ತಾರೆ, ಅಲ್ವಾ?

ಬಂದ ನೋಟಿಸೇ ನಕಲಿ ಇರಬಹುದಲ್ಲ?

ಇರಬಹುದು. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪತ್ರಗಳಲ್ಲಿ ಡಿಐಎನ್ ಅನ್ನುವ ಗುರುತಿನ ನಂಬರ್ ಇರಬೇಕು. ಇಲಾಖೆಯ ತಾಣದ ಮೊದಲ ಪುಟದಲ್ಲೇ ನೋಟಿಸ್ ಪರೀಕ್ಷಿಸುವ ಕೊಂಡಿ ಇದೆ, ಲಾಗಿನ್ ಇಲ್ಲದೆ ಆ ನಂಬರ್ ಹಾಕಿ ನೋಡಬಹುದು. ಬರೀ ಎಸ್‌ಎಂಎಸ್ ಅಥವಾ ವಾಟ್ಸ್ಆಪ್‌ನಲ್ಲಿ ಬಂದ "ನಿಮ್ಮ ರಿಫಂಡ್ ಮಂಜೂರಾಗಿದೆ, ಇಲ್ಲಿ ಒತ್ತಿ", "ಹೊಸ ಪ್ಯಾನ್ ಡೌನ್‌ಲೋಡ್ ಮಾಡಿ" ಅನ್ನುವುದನ್ನು ಮುಟ್ಟಲೇಬೇಡಿ. ಇಲಾಖೆ ಓಟಿಪಿ, ಪಿನ್, ಎಟಿಎಂ ಕಾರ್ಡ್ ನಂಬರ್ ಕೇಳುವುದಿಲ್ಲ.

ನೋಟಿಸ್ ನಿಜವೇ. ವ್ಯವಹಾರ ನನ್ನದಲ್ಲ. ಮೊದಲು ಏನು ಮಾಡಲಿ?

ಮೊದಲು ತಾರೀಖು ನೋಡಿ. ಉತ್ತರಿಸಲು ಕೊನೆಯ ದಿನ ಯಾವುದು ಅಂತ ನೋಟಿಸ್‌ನಲ್ಲೇ ಇರುತ್ತದೆ. ಬಹಳ ಜನ ಮಾಡುವ ತಪ್ಪು ಇದು: "ನಾನು ಮಾಡಿಲ್ಲ, ಹಾಗಾಗಿ ಉತ್ತರ ಕೊಡುವ ಅಗತ್ಯವಿಲ್ಲ" ಅಂತ ಸುಮ್ಮನಿರುತ್ತಾರೆ. ಸುಮ್ಮನಿದ್ದರೆ ಅಧಿಕಾರಿ ತನ್ನ ಮುಂದಿರುವ ಕಾಗದ ನೋಡಿ ತೀರ್ಮಾನ ಬರೆಯುತ್ತಾರೆ. ಆ ಕಾಗದದಲ್ಲಿ ನಿಮ್ಮ ಹೆಸರಿದೆ. ಆಮೇಲೆ ಅದನ್ನು ಅಳಿಸಲು ಅಪೀಲು, ವಕೀಲರು, ಓಡಾಟ.

ಸಮಯ ಸಾಲದಿದ್ದರೆ ಆದಾಯ ತೆರಿಗೆ ಪೋರ್ಟಲ್‌ನ ಇ-ಪ್ರೊಸೀಡಿಂಗ್ಸ್ ವಿಭಾಗದಲ್ಲಿ ಕಾಲಾವಕಾಶ ಕೇಳಿ. ಉತ್ತರ ಹಾಕುವುದೂ ಅಲ್ಲೇ. ಉತ್ತರ ಉದ್ದ ಬೇಡ. ಈ ವ್ಯವಹಾರ ನನ್ನದಲ್ಲ, ನಾನು ಇಂಥ ಊರಲ್ಲಿ ಇಂಥ ಕೆಲಸ ಮಾಡುತ್ತೇನೆ, ನನ್ನ ಬ್ಯಾಂಕ್ ಖಾತೆಗಳು ಇವಿಷ್ಟೇ, ಪೊಲೀಸರಿಗೆ ಇಂಥ ದಿನ ದೂರು ಕೊಟ್ಟಿದ್ದೇನೆ. ಜತೆಗೆ ಆ ವರ್ಷದ ಬ್ಯಾಂಕ್ ಪಾಸ್‌ಬುಕ್ ಪ್ರತಿ, ಪೊಲೀಸ್ ಸ್ವೀಕೃತಿ, ಎಐಎಸ್ ಫೀಡ್‌ಬ್ಯಾಕ್ ಸ್ವೀಕೃತಿ, ನೋಟರಿ ಮಾಡಿಸಿದ ಅಫಿಡವಿಟ್. ಇಷ್ಟಕ್ಕೇ ನಿಲ್ಲಿಸದೆ ಇಲಾಖೆಯನ್ನೇ ಒಂದು ಮಾತು ಕೇಳಿ: ದುಡ್ಡು ಓಡಾಡಿದ ಖಾತೆ ಯಾವುದು, ಆ ಖಾತೆ ತೆರೆಯಲು ಕೊಟ್ಟ ಫೋಟೊ, ಸಹಿ, ಮೊಬೈಲ್ ನಂಬರ್ ಯಾರದು, ಅದರ ಪ್ರತಿ ಕೊಡಿ. ಎಷ್ಟೋ ಸಲ ಫೈಲ್ ತಿರುಗುವುದೇ ಅಲ್ಲಿ. ಆ ಅಮ್ಮನ ವಿಷಯದಲ್ಲಿ ಅರ್ಜಿಯ ಮೇಲೆ ಚೆಂದದ ಇಂಗ್ಲಿಷ್ ಸಹಿ ಇತ್ತು. ಅವರು ಹಾಕುವುದು ಹೆಬ್ಬೆಟ್ಟು.

ನೋಟಿಸ್‌ನಲ್ಲಿ ಕಾಣುವ 148ಎ, 133(6), 142(1) ಎಲ್ಲ 1961ರ ಕಾಯ್ದೆಯ ಕಲಂಗಳು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ನಂಬರ್‌ಗಳು ಬದಲಾಗಿವೆ, ಹಳೆಯ ವರ್ಷಗಳ ಲೆಕ್ಕಕ್ಕೆ ಮಾತ್ರ ಹಳೆಯ ಕಲಂಗಳೇ. ಅದರ ಬಗ್ಗೆ ತಲೆಕೆಡಿಸಿಕೊಳ್ಳುವುದು ನಮ್ಮಂಥವರ ಕೆಲಸ, ನೀವು ತಾರೀಖು ನೋಡಿಕೊಳ್ಳಿ.

ಪೊಲೀಸ್ ದೂರು ಎಲ್ಲಿ ಕೊಡಬೇಕು? ವಂಚನೆ ನಡೆದದ್ದು ದೆಹಲಿಯಲ್ಲಿ.

ದೆಹಲಿಗೆ ಹೋಗುವುದು ಬೇಡ. ಕಾರವಾರದಲ್ಲಿ ಸೈಬರ್ ಅಪರಾಧಗಳಿಗೆಂದೇ ಸಿಇಎನ್ ಠಾಣೆ ಇದೆ. ದೂರವಾದರೆ ನಿಮ್ಮೂರಿನ ಠಾಣೆಯಲ್ಲೇ ಕೊಡಬಹುದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯೂ ದೂರು ತೆಗೆದುಕೊಳ್ಳಬೇಕು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದಾಖಲಿಸಬಹುದು. ಖಾತೆಯಿಂದ ದುಡ್ಡೇ ಹೋಗಿದ್ದರೆ ಮಾತ್ರ ಬೇರೆಲ್ಲ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ, ಅಲ್ಲಿ ಪ್ರತಿ ನಿಮಿಷವೂ ಲೆಕ್ಕ.

ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಂಗಳನ್ನು ಬರೆಯಿರಿ. ಒಂದು ಬೇರೆಯವರ ಗುರುತು ಕದಿಯುವುದಕ್ಕೆ, ಇನ್ನೊಂದು ಕಂಪ್ಯೂಟರ್ ಬಳಸಿ ವೇಷ ಹಾಕಿ ಮೋಸ ಮಾಡುವುದಕ್ಕೆ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

"ದುಡ್ಡು ಹೋಗಿಲ್ಲವಲ್ಲ, ದೂರು ಯಾಕೆ" ಅಂತ ಕೇಳುವವರು ಸಿಗಬಹುದು. ಜಗಳ ಬೇಡ. ದೂರಿನ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ ಅಥವಾ ಹಿಂಬರಹ ಕೇಳಿ. ಅದೂ ಸಿಗದಿದ್ದರೆ ಅದೇ ದೂರನ್ನು ಕಾರವಾರದ ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜತೆ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್. ರಸೀದಿಯ ಮೇಲಿನ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ, ಬಂದ ದಿನವೇ ಅದರ ಫೋಟೊ ತೆಗೆದಿಡಿ.

ಸುಳ್ಳು ಜಿಎಸ್‌ಟಿ ನೋಂದಣಿ ರದ್ದು ಮಾಡಿಸುವುದು ಹೇಗೆ?

ಜಿಎಸ್‌ಟಿ ತಾಣದಲ್ಲಿ ಆ ನಂಬರ್ ತೆರೆದರೆ ನೋಂದಣಿಯ ತಾರೀಖು, ಅಂಗಡಿಯ ಹೆಸರು, ಯಾವ ವ್ಯಾಪ್ತಿಯ ಅಧಿಕಾರಿ ಅನ್ನುವುದೆಲ್ಲ ಕಾಣುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಅಧಿಕಾರಿಗೇ ಪತ್ರ ಬರೆಯಿರಿ, ಪೊಲೀಸ್ ದೂರಿನ ಪ್ರತಿ ಲಗತ್ತಿಸಿ. ಮೋಸದಿಂದ ಪಡೆದ ನೋಂದಣಿಯನ್ನು ಜಿಎಸ್‌ಟಿ ಕಾಯ್ದೆಯ 29(2)(ಇ) ಕಲಂ ಪ್ರಕಾರ ರದ್ದು ಮಾಡಬಹುದು, ಅದನ್ನು ಪತ್ರದಲ್ಲಿ ಹೆಸರಿಸಿ. ತಾಣದ ದೂರು ವಿಭಾಗದಲ್ಲೂ ಹಾಕಿ ನಂಬರ್ ಪಡೆಯಿರಿ. ಶುರುವಾದ ದಿನದಿಂದಲೇ ರದ್ದು ಮಾಡಿ ಅಂತ ಕೇಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನಡುವಿನ ತಿಂಗಳುಗಳ ಬಾಕಿ ನಿಮ್ಮ ತಲೆ ಮೇಲೇ ಉಳಿಯುವ ಅಪಾಯ ಇದೆ.

ಒಬ್ಬ ಏಜೆಂಟ್ ನನ್ನ ರಿಟರ್ನ್ ಹಾಕಿ ಜಾಸ್ತಿ ರಿಫಂಡ್ ತರಿಸಿದ. ಈಗ ನೋಟಿಸ್. ಇದೂ ಗುರುತಿನ ಕಳ್ಳತನವೇ?

ನಿಷ್ಠುರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ ಪಾಸ್‌ವರ್ಡ್ ನೀವೇ ಕೊಟ್ಟು, ರಿಫಂಡ್ ನಿಮ್ಮ ಖಾತೆಗೇ ಬಂದು, ಏಜೆಂಟನಿಗೆ ಅದರಲ್ಲಿ ಪಾಲು ಕೊಟ್ಟಿದ್ದರೆ ಇಲಾಖೆ ಅದನ್ನು ಕಳ್ಳತನ ಅನ್ನುವುದಿಲ್ಲ. ಇಲ್ಲದ ದೇಣಿಗೆ, ಇಲ್ಲದ ಕಾಯಿಲೆ ತೋರಿಸಿ ರಿಫಂಡ್ ಪಡೆಯುವುದರ ಮೇಲೆ 2025ರ ಜುಲೈ 14ರಂದು ದೇಶದ ಹಲವೆಡೆ ದೊಡ್ಡ ತಪಾಸಣೆಯೇ ನಡೆಯಿತು. ಇಂಥವರು ಅಪ್‌ಡೇಟೆಡ್ ರಿಟರ್ನ್ (ಹಳೆಯದನ್ನು ತಿದ್ದಿ ಮತ್ತೆ ಹಾಕುವ ರಿಟರ್ನ್) ಹಾಕಿ ಸರಿಮಾಡಿಕೊಳ್ಳುವುದು ಒಳ್ಳೆಯದು. ಈಗ ಅದಕ್ಕೆ 48 ತಿಂಗಳವರೆಗೆ ಅವಕಾಶ ಇದೆ, ಆದರೆ ತಡವಾದಷ್ಟೂ ಮೇಲುತೆರಿಗೆ ಶೇಕಡಾ 25ರಿಂದ 70ರವರೆಗೆ ಏರುತ್ತದೆ. ನೋಟಿಸ್ ಬಂದ ಮೇಲೆ ಈ ಬಾಗಿಲು ತೆರೆದಿರುತ್ತದೋ ಇಲ್ಲವೋ ಅದು ನೋಟಿಸ್ ಯಾವುದು ಅನ್ನುವುದರ ಮೇಲಿದೆ, ತೋರಿಸಿ ಕೇಳಿ.

ನಿಮಗೆ ಗೊತ್ತೇ ಇಲ್ಲದೆ ಹಾಕಿದ್ದರೆ, ರಿಫಂಡ್ ಬೇರೆ ಖಾತೆಗೆ ಹೋಗಿದ್ದರೆ ಅದು ಕಳ್ಳತನ. ಎರಡರಲ್ಲೂ ಮೊದಲ ಕೆಲಸ ಒಂದೇ: ಪೋರ್ಟಲ್‌ನ ಪ್ರೊಫೈಲ್ ತೆರೆದು ಅಲ್ಲಿರುವ ಮೊಬೈಲ್, ಇಮೇಲ್ ಯಾರದು ನೋಡಿ. ಏಜೆಂಟನದ್ದೇ ಇರುವುದು ತೀರಾ ಸಾಮಾನ್ಯ. ನೋಟಿಸ್ ಅವನಿಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಬದಲಾಯಿಸಿ, ಬ್ಯಾಂಕ್ ಖಾತೆಗಳ ಪಟ್ಟಿ ನೋಡಿ, ಪಾಸ್‌ವರ್ಡ್ ಬದಲಿಸಿ. ಇ-ಫೈಲಿಂಗ್ ವಾಲ್ಟ್ ಅನ್ನುವುದನ್ನು ಚಾಲೂ ಮಾಡಿದರೆ ಬರೀ ಪಾಸ್‌ವರ್ಡ್‌ನಿಂದ ಯಾರೂ ಒಳಗೆ ಹೋಗಲಾಗದು. ನಾನೂ ಏಜೆಂಟನೇ, ನನ್ನ ವಿಷಯದಲ್ಲೂ ಇದನ್ನೇ ಮಾಡಿ.

ನನ್ನ ಹೆಸರಲ್ಲಿ ಯಾರೋ ಸಾಲ ತೆಗೆದಿದ್ದಾರೆ.

ಸಾಲ ಕೊಟ್ಟವರಿಗೂ ಸಿಬಿಲ್‌ನಂಥ ವರದಿ ಸಂಸ್ಥೆಗೂ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಬಗೆಹರಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಆಗದಿದ್ದರೆ ದೂರು ಕೇಳುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಫೋನ್ 14448. ವಸೂಲಿಯವರು ಫೋನಿನಲ್ಲಿ ಹೆದರಿಸಿದರು ಅಂತ "ಒಂದು ಕಂತು ಕಟ್ಟಿಬಿಡುತ್ತೇನೆ" ಅನ್ನಬೇಡಿ. ಒಂದು ಕಂತು ಕಟ್ಟಿದರೆ ಸಾಲ ನಿಮ್ಮದೇ ಅಂದ ಹಾಗೆ.

ಕಾರವಾರದಲ್ಲಿ ನನ್ನ ಬಾಡಿಗೆ ಮನೆ ಇದೆ. ಪಡೆದದ್ದಕ್ಕಿಂತ ಜಾಸ್ತಿ ಬಾಡಿಗೆ ನನ್ನ ಹೆಸರಲ್ಲಿ ಕಾಣುತ್ತಿದೆ.

ತೆರಿಗೆ ವಿನಾಯಿತಿಗೆಂದು ವರ್ಷಕ್ಕೆ ಒಂದು ಲಕ್ಷ ದಾಟಿದ ಬಾಡಿಗೆ ತೋರಿಸುವ ನೌಕರರು ಮನೆ ಮಾಲೀಕರ ಪ್ಯಾನ್ ಕೊಡಬೇಕು. ಬಿಟ್ಟುಹೋದ ಬಾಡಿಗೆದಾರರು ಹಳೆಯ ಪ್ಯಾನ್ ಅನ್ನೇ ಮುಂದುವರಿಸುವುದೂ ಇದೆ. ಫೀಡ್‌ಬ್ಯಾಕ್ ಹಾಕಿ, ಬಾಡಿಗೆ ಕರಾರು, ಖಾತೆಗೆ ಬಂದ ಹಣದ ವಿವರ ಇಟ್ಟುಕೊಳ್ಳಿ. ಬಾಡಿಗೆಯನ್ನು ನಗದಾಗಿ ಪಡೆಯುವವರಿಗೆ ಇದನ್ನು ತೋರಿಸಿಕೊಡುವುದು ಕಷ್ಟ.

ಈ ಪ್ಯಾನ್ ಬಿಟ್ಟು ಹೊಸದು ಮಾಡಿಸಲೇ?

ಬೇಡ. ಎರಡು ಪ್ಯಾನ್ ಇಟ್ಟುಕೊಂಡರೆ 10,000 ರೂಪಾಯಿ ದಂಡ ಬೀಳಬಹುದು. ಕಾರ್ಡ್ ಕಳೆದರೆ ಅದೇ ನಂಬರಿನ ಹೊಸ ಕಾರ್ಡ್ ತರಿಸಬಹುದು, ಅಷ್ಟೇ.

ಮಗ ಅಮೆರಿಕದಲ್ಲಿದ್ದಾನೆ. ಅವನ ಹೆಸರಲ್ಲಿ ಅಲ್ಲಿ ಯಾರೋ ರಿಟರ್ನ್ ಹಾಕಿದ್ದಾರಂತೆ.

ಶಿರಸಿ, ಸಿದ್ದಾಪುರದ ಮನೆಗಳಿಂದ ಈ ಪ್ರಶ್ನೆ ಬರುತ್ತಿರುತ್ತದೆ. ಅಲ್ಲಿ ಕಳ್ಳರು ನಮ್ಮ ಪ್ಯಾನ್ ಥರದ ಸೋಶಿಯಲ್ ಸೆಕ್ಯುರಿಟಿ ನಂಬರ್ ಕದ್ದು, ಮಾಲೀಕರಿಗಿಂತ ಮೊದಲೇ ರಿಟರ್ನ್ ಹಾಕಿ ರಿಫಂಡ್ ಹೊಡೆಯುತ್ತಾರೆ. ಅವನು ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ 14039 ನಮೂನೆ ಸಲ್ಲಿಸಬೇಕು, ತನ್ನ ನಿಜವಾದ ರಿಟರ್ನ್ ಅನ್ನು ಕಾಗದದಲ್ಲಾದರೂ ಹಾಕಬೇಕು. ಐಪಿ ಪಿನ್ ಅನ್ನುವ ಆರು ಅಂಕಿಯ ನಂಬರ್ ಅಲ್ಲಿ ಕೇಳಿ ಪಡೆಯಬಹುದು, ಪ್ರತಿ ವರ್ಷ ಬದಲಾಗುತ್ತದೆ. ಅದಿಲ್ಲದೆ ಅವನ ಹೆಸರಲ್ಲಿ ಆನ್‌ಲೈನ್ ರಿಟರ್ನ್ ಒಳಗೇ ಹೋಗುವುದಿಲ್ಲ. ನಮ್ಮಲ್ಲೂ ಅಂಥದ್ದೊಂದು ಇದ್ದರೆ ಚೆನ್ನಾಗಿತ್ತು ಅಂತ ನನಗೆ ಅನಿಸುತ್ತಿರುತ್ತದೆ.

ಇನ್ನು ಮುಂದೆ ಝೆರಾಕ್ಸ್ ಕೊಡುವಾಗ ಏನು ಮಾಡಲಿ?

ಪ್ರತಿಯ ಮೇಲೆ ಅಡ್ಡಲಾಗಿ ಯಾರಿಗೆ, ಯಾತಕ್ಕೆ, ಯಾವ ದಿನ ಅಂತ ಬರೆದು ಸಹಿ ಹಾಕಿ. ಫೋಟೊ, ನಂಬರಿನ ಮೇಲೆ ಹಾದುಹೋಗುವ ಹಾಗೆ ಬರೆಯಿರಿ, ಬದಿಯಲ್ಲಿ ಬರೆದರೆ ಕತ್ತರಿಸಿಬಿಡುತ್ತಾರೆ. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಡೌನ್‌ಲೋಡ್ ಮಾಡಿ ಕೊಡಿ. ಬೆರಳಚ್ಚನ್ನು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಲಾಕ್ ಮಾಡಿಡಬಹುದು. ಆಧಾರ್ ಬಗ್ಗೆ ಏನೇ ಕೇಳುವುದಿದ್ದರೂ 1947.

ಆ ಮೀನಿನ ಅಮ್ಮನ ಕತೆ ಏನಾಯಿತು?

ಕೇಳುವವರು ಬಹಳ, ಅದಕ್ಕೇ ಇಲ್ಲಿ ಸೇರಿಸಿದ್ದೇನೆ. ಜಿಎಸ್‌ಟಿ ನೋಂದಣಿ ರದ್ದಾಯಿತು, ಅದಕ್ಕೆ ಏಳು ತಿಂಗಳು ಹಿಡಿಯಿತು. ಆದಾಯ ತೆರಿಗೆಯ ಫೈಲ್ ಹೆಬ್ಬೆಟ್ಟಿನ ಪ್ರತಿ ಕಳಿಸಿದ ಮೇಲೆ ನಿಂತಿತು. ಆ ಇಬ್ಬರು ಹುಡುಗರು ಸಿಕ್ಕಿಲ್ಲ. ಈಗ ಅವರು ಮೂರು ತಿಂಗಳಿಗೊಮ್ಮೆ ಬಂದು "ನನ್ನ ಗುಜರಿ ಅಂಗಡಿ ಮತ್ತೆ ತೆರೆದಿದೆಯಾ ನೋಡು ತಮಾ" ಅನ್ನುತ್ತಾರೆ. ನೋಡಿ ಹೇಳುತ್ತೇನೆ. ನಾನು ಮೀನು ತಿನ್ನುವವನಲ್ಲ ಅಂತ ಗೊತ್ತಿದ್ದೂ ಒಂದು ಪಾಲು ಬಂಗಡೆ ತಂದಿರುತ್ತಾರೆ, ಪಕ್ಕದ ಟೇಲರ್ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ.